ಕೊನೆಯ ಹತ್ತು ನಿಮಿಷ

ರಾಮದುರ್ಗದ ಟಾಕೀಸಿನಲ್ಲಿ ಮೂವತ್ತು ವರ್ಷ ಬಾಗಿಲು ಕಾಯ್ದ ಸತ್ಯಪ್ಪ ಒಂದೇ ಒಂದು ಸಿನಿಮಾದ ಕೊನೆಯನ್ನೂ ನೋಡಿದವನಲ್ಲ. ಆಟ ಮುಗಿಯಲು ಹತ್ತು ನಿಮಿಷವಿದೆ ಎನ್ನುವಾಗ ಅವನು ಹೊರಗೆ ಬಂದು ಚಿಲಕದ ಮೇಲೆ ಕೈಯಿಟ್ಟು ನಿಲ್ಲಬೇಕು; ಇಲ್ಲದಿದ್ದರೆ ಜನ ಬಾಗಿಲನ್ನೇ ಮುರಿದುಕೊಂಡು ಬರುತ್ತಿದ್ದರು. ಆದರೂ ಕೊನೆಯನ್ನು ಅವನಷ್ಟು ಖಚಿತವಾಗಿ ಹೇಳುವವರು ಇಡೀ ತಾಲೂಕಿನಲ್ಲಿರಲಿಲ್ಲ. ಹೊರಬರುವ ಹೆಂಗಸರ ಕಣ್ಣು ನೋಡಿ, "ಹೀರೋಯಿನ್ ಸತ್ಳು," ಎನ್ನುತ್ತಿದ್ದ; ಗಂಡಸರೂ ಮೂಗು ಒರೆಸಿಕೊಂಡರೆ, "ತಾಯಿ ಹೋದ್ಳ್ರಿ." ಮದುವೆ ಊಟದಲ್ಲೂ ಮಜ್ಜಿಗೆ ಬರುವಷ್ಟರಲ್ಲಿ ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುತ್ತಾನೆಂದು ಹೆಂಡತಿ ಕಾಡವ್ವ ಇರುವವರೆಗೂ ಗೊಣಗುತ್ತಿದ್ದಳು. ಈಗ ಟಾಕೀಸು ಹತ್ತಿಯ ಗೋದಾಮಾಗಿದೆ. ಮೊನ್ನೆ ನಾನು ಪಾಠ ಮಾಡುವ ಕಾಲೇಜಿನಲ್ಲಿ, ಹಳೆಯ ಜಪಾನಿ ಚಿತ್ರವೊಂದನ್ನು ಯಾರೋ ಹೊಸದಾಗಿ ತೆಗೆದದ್ದನ್ನು ತೋರಿಸಿದರು. ಇನ್ನು ಕೆಲವೇ ತಿಂಗಳು ಬದುಕು ಎಂದು ತಿಳಿದ ಮುದಿ ಅಧಿಕಾರಿಯೊಬ್ಬನ ಕಥೆ. "ಇವತ್ತರೆ ಪೂರಾ ನೋಡಪಾ," ಎಂದು ನಾನೇ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡೆ. ಸತ್ಯಪ್ಪ ರೆಪ್ಪೆ ಬಡಿಯದೆ ನೋಡಿದ. ಕೊನೆಯ ಹೊತ್ತಿಗೆ ತಿರುಗಿದರೆ ಕುರ್ಚಿ ಖಾಲಿ. ಮುಗಿದ ಮೇಲೆ ಹೊರಗೆ ಬಂದೆ. ಬಾಗಿಲು ಹಿಡಿದು ನಿಂತಿದ್ದ. ನನ್ನ ಮುಖ ನೋಡಿ, "ಸಾಹೇಬ ಹೋದ," ಎಂದ. ಆಮೇಲೆ, ಇಷ್ಟು ವರ್ಷ ಯಾರನ್ನೂ ಏನನ್ನೂ ಕೇಳದವನು ಕೇಳಿದ: "ಹೋಗೂ ಮುಂದ ಬಾಜೂಕ ಯಾರರೆ ಇದ್ರೇನ್ರಿ?" ಇರಲಿಲ್ಲ ಎಂದೆ. ಅವನು ಚಿಲಕವನ್ನು ಬಿಡಲಿಲ್ಲ. "ನಮ್ಮ ಕಾಡವ್ವನ ಹತ್ರಾನೂ ಯಾರೂ ಇರಲಿಲ್ರಿ. ಇನ್ನ ಭಾಳ ಹೊತ್ತಿಲ್ಲ ಅಂತ ಡಾಕ್ಟರ್ ಅಂದ್ರು. ನಾ ಎದ್ದು ಹೊರಗ ಬಂದು, ಬಾಗಲಾ ಹಿಡಕೊಂಡು ನಿಂತ್ನಿ."