ಕೆಂದಿಯ ಹಿಡಿತ

ಇಂಡಿ ಊರಿನ ವೈಷ್ಣವರ ಮನೆಯ ಹುಡುಗಿಯೊಬ್ಬಳು ಆಕಳ ಹೊಟ್ಟೆಯೊಳಗೆ ಕೈ ಹಾಕಿ ಅನ್ನ ಸಂಪಾದಿಸುತ್ತಾಳೆ ಎಂದು ಯಾರೂ ಎಣಿಸಿರಲಿಲ್ಲ. ಶ್ರೀವಾಣಿ ಪಶುವೈದ್ಯ ಓದಿ, ಮೇವಿನ ವಿಷಯದಲ್ಲೇ ಡಾಕ್ಟರೇಟ್ ಮಾಡಿ, ಬಾಗೇವಾಡಿ ಕಡೆಯ ಮಸೂತಿ ಎಂಬ ಊರಿನ ಹತ್ತಿರದ ಸಂಶೋಧನಾ ಕೇಂದ್ರಕ್ಕೆ ಸೇರಿದಳು. ಆಕಳು ಏನು ತಿಂದರೆ ಹಾಲು ಹೆಚ್ಚು ಕೊಡುತ್ತದೆ ಎಂದು ನೋಡುವ ಕೆಲಸ ಎಂದಷ್ಟೇ ತಾಯಿ ಗೋದೂಬಾಯಿಗೆ ಹೇಳಿದ್ದಳು. ಹೇಗೆ ನೋಡುತ್ತಾಳೆ ಎಂಬುದನ್ನು ಹೇಳಿರಲಿಲ್ಲ.

ಕೇಂದ್ರದಲ್ಲಿ ಕೆಂದಿ ಎಂಬ ಕೆಂಪು ಆಕಳಿತ್ತು. ಅದರ ಎಡ ಪಕ್ಕೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಕೂರಿಸಿದ ರಬ್ಬರಿನ ದುಂಡು ಕಿಂಡಿ, ಅದಕ್ಕೊಂದು ಮುಚ್ಚಳ. ಜೋಳದ ಒಣದಂಟಿನ ಕಣಿಕಿ, ತೊಗರಿ ಹೊಟ್ಟು, ಕಬ್ಬಿನ ಸೊಪ್ಪನ್ನು ಪುಟ್ಟ ನೈಲಾನ್ ಚೀಲಗಳಲ್ಲಿ ತುಂಬಿ ಆ ಕಿಂಡಿಯಿಂದ ಹೊಟ್ಟೆಯೊಳಗಿಟ್ಟು, ಮರುದಿನ ತೆಗೆದು, ಎಷ್ಟು ಕರಗಿದೆ ಎಂದು ಶ್ರೀವಾಣಿ ತೂಗುತ್ತಿದ್ದಳು. ಮೊಣಕೈವರೆಗೆ ಕೈ ಒಳಗೆ ಹೋಗುತ್ತಿತ್ತು. ಅಲ್ಲಿ ಬಿಸಿ, ಹುಳಿ ವಾಸನೆ, ಮತ್ತೆ ಆ ಹಿಡಿತ. ಚೆನ್ನಾಗಿರುವ ಆಕಳ ಹೊಟ್ಟೆ ಮೇವು ಕಲಸಲು ಆಗಾಗ ಮುದುಡಿಕೊಳ್ಳುತ್ತದೆ. ಆಗ ಯಾರೋ ಕೈಯನ್ನು ಮೆತ್ತಗೆ ಅಮುಕಿ ಬಿಟ್ಟಂತಾಗುತ್ತದೆ. ಅಷ್ಟು ಹೊತ್ತೂ ಕೆಂದಿ ತನ್ನ ಪಾಡಿಗೆ ಬಾಲ ಬೀಸುತ್ತ ಮೆಲುಕು ಹಾಕುತ್ತಿತ್ತು.

ಜಿಲ್ಲೆಯ ಊರುಗಳಲ್ಲಿ ದನ ಮೇವು ಬಿಟ್ಟರೆ ಕೆಂದಿಯ ಹೊಟ್ಟೆಯ ರಸವನ್ನು ಥರ್ಮಾಸಿನಲ್ಲಿ ಒಯ್ದು ಕುಡಿಸುವುದೂ ಇತ್ತು. ಅದರಲ್ಲಿರುವ ಜೀವಾಣುಗಳು ಸೇರಿಕೊಂಡು ಸತ್ತುಹೋದ ಹಸಿವನ್ನು ಎಬ್ಬಿಸುತ್ತವೆ. ಇಂಡಿ ಕಡೆಯ ಝಳಕಿಯ ರುಕ್ಮವ್ವನ ಆಕಳು ಬದುಕಿದ್ದು ಹಾಗೆ.

ಚರ್ಮಗಂಟು ರೋಗ ಜಿಲ್ಲೆಗೆ ಬಂದ ವರ್ಷ ಕೆಂದಿಯ ಮೈತುಂಬ ಗಂಟುಗಳೆದ್ದವು. ಗಂಟಲಲ್ಲಿ ಹುಣ್ಣಾಗಿ ಅದು ತಿನ್ನುವುದನ್ನೇ ಬಿಟ್ಟಿತು. ಬಾಯಿ ಒಲ್ಲೆ ಅಂದರೇನು, ಕಿಂಡಿಯಿದೆಯಲ್ಲ ಎಂದು ಶ್ರೀವಾಣಿ ಬಿಸಿ ಅಂಬಲಿಯನ್ನು, ನುಚ್ಚನ್ನು ತಾನೇ ಒಳಗೆ ತುಂಬಿದಳು. ಹೊಟ್ಟೆ ತುಂಬಿತು, ಆದರೆ ಕಲಸಲಿಲ್ಲ. ಅವಳು ಕೈಯಿಟ್ಟು ಕಾದಳು. ಹಿಡಿತ ತಡವಾಗಿ ಬಂತು, ಆಮೇಲೆ ಇನ್ನೂ ತಡವಾಗಿ. ಒಂದು ಮಧ್ಯಾಹ್ನ, ಎಂದೂ ಇಲ್ಲದಷ್ಟು ಗಟ್ಟಿಯಾಗಿ, ಎಲುಬು ನೋಯುವಂತೆ ಹಿಡಿದು ಬಿಟ್ಟಿತು. ಶ್ರೀವಾಣಿ ಮತ್ತೊಂದಕ್ಕೆ ಕಾಯುತ್ತಲೇ ಇದ್ದಳು.

ಕೆಂದಿಯ ಕೊರಳು ಹಿಡಿದು ಕೂತಿದ್ದ ಕೊಟ್ಟಿಗೆ ಕೆಲಸದ ರೇಣವ್ವ ಹೇಳಿದಳು: "ಕೈ ತಗೀರಿ ಬಾಯಾರ. ಹೋತದು."

ಸುಣ್ಣ, ಉಪ್ಪು ಹಾಕಿ ಹೂಳುವಾಗ ಕಿಂಡಿಯ ಮುಚ್ಚಳವನ್ನು ತೆಗೆಯದೆ ಬಿಗಿಮಾಡಬೇಕೆಂದು ರೇಣವ್ವ ಹಟ ಹಿಡಿದಳು. ಶ್ರೀವಾಣಿಯೇ ಬಿಗಿ ಮಾಡಿದಳು.

ಮುಂದಿನ ವಾರ ಇಂಡಿಯಲ್ಲಿ ತಾಯಿಯ ಎದುರು ಊಟಕ್ಕೆ ಕೂತು ಸಾರನ್ನ ಕಲಸುವಾಗ ಬಲಗೈಯನ್ನು ಏನೋ ಬೆಚ್ಚಗೆ ಅಮುಕಿ ಬಿಟ್ಟಿತು. ತುತ್ತು ಎಲೆಗೆ ಬಿತ್ತು. ಆಮೇಲೆ ಬಾಗೇವಾಡಿ ಬಸ್ಸಿನಲ್ಲಿ ಕಂಬಿ ಹಿಡಿದಾಗ ಬಂತು, ಸಹಿ ಮಾಡುವಾಗ ಬಂತು, ತಲೆ ಬಾಚುವಾಗ ಬಂತು. ವಿಜಯಪುರದ ಡಾಕ್ಟರು ನರ ಪರೀಕ್ಷಿಸಿ ಏನೂ ಇಲ್ಲವೆಂದರು.

ಒಂದು ದಿನ ಅವಳು ಕೆಂದಿಯ ರಸ ಕುಡಿದು ಬದುಕಿದ ಆಕಳನ್ನು ನೋಡಲು ಝಳಕಿಗೆ ಹೋದಳು. ರುಕ್ಮವ್ವನ ಆಕಳು ಮೈಕೈ ತುಂಬಿಕೊಂಡು ನಿಂತಿತ್ತು. ಶ್ರೀವಾಣಿ ಅದರ ಎಡ ಪಕ್ಕೆಗೆ ಮುಷ್ಟಿಯೊತ್ತಿ ನಿಂತಳು. ಹೊರಗಿನಿಂದ ಒತ್ತಿದ ಕೈಯನ್ನು ಹೊಟ್ಟೆ ಹೊರಕ್ಕೆ ತಳ್ಳಬೇಕು; ನೂರಾರು ದನಗಳಲ್ಲಿ ಅವಳು ಅದನ್ನು ನೋಡಿದ್ದಳು. ಇದು ತಳ್ಳಲಿಲ್ಲ. ಒಳಗೆ ಎಳೆದು ಹಿಡಿದುಕೊಂಡಂತಾಯಿತು. ಆಕಳು ಕತ್ತು ಹೊರಳಿಸಿ ಅವಳನ್ನೇ ನೋಡಿತು.

ರುಕ್ಮವ್ವ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. "ನಿಮ್ಮ ಔಷಧ ಕುಡದಾಗಿಂದ ಎಡಗಡೆ ಯಾರನೂ ನಿಲ್ಲಗೊಡವಲ್ದ್ರಿ. ನನ್ನೂ ಒದಿತೈತಿ. ನಿಮ್ಮನ್ನ ಹೆಂಗ ಬಿಟ್ಟಿತ್ರಿ?"

ಚಹಾ ಕೂಡ ಕುಡಿಯದೆ ಶ್ರೀವಾಣಿ ಇಂಡಿಗೆ ಬಂದು ತಾಯಿಗೆ ಎಲ್ಲವನ್ನೂ ಹೇಳಿದಳು. ಕಿಂಡಿಯ ವಿಷಯ ಕೇಳಿ ತಾಯಿ ಮಡಿ, ಮೈಲಿಗೆ, ಪಾಪ ಎನ್ನುತ್ತಾಳೆ ಎಂದು ಇಷ್ಟು ವರ್ಷ ಹೆದರಿದ್ದಳು. ಗೋದೂಬಾಯಿ ಅದಾವುದನ್ನೂ ಅನ್ನಲಿಲ್ಲ. ಮಗಳ ಬಲಗೈಯನ್ನು ತನ್ನ ಮಡಿಲಿಗೆಳೆದುಕೊಂಡು ಕೂತಳು.

"ಒಳಗ ಇರೋದು ನಿನ್ನ ಕೈ ಅಂತ ಅದಕ್ಕ ಗೊತ್ತಿತ್ತೇನ ವಾಣಿ?"

"ಗೊತ್ತಿಲ್ಲ ಆಯಿ."

"ಗೊತ್ತಿತ್ತು ಅನಸ್ತದ," ಎಂದಳು ಗೋದೂಬಾಯಿ.

ಆ ಸಂಶೋಧನೆ ಮುಗಿಯಿತು. ಅದರಿಂದ ಬಂದ, ತೊಗರಿ ಹೊಟ್ಟು ಬೆರೆಸಿದ ಮೇವನ್ನು ಈಗ ಮಸೂತಿಯ ಕಡೆ ಕೆಲವರು ದನಕ್ಕೆ ಹಾಕುತ್ತಾರೆ. ಹಾಲು ಏರಿದೆ ಎನ್ನುತ್ತಾರೆ. ಕೇಂದ್ರಕ್ಕೆ ಬೇರೊಂದು ಆಕಳು ಬಂದು, ಅದರ ಪಕ್ಕೆಗೂ ಕಿಂಡಿ ಕೂತಿದೆ. ಶ್ರೀವಾಣಿ ಬೆಳಿಗ್ಗೆ ಚೀಲಗಳನ್ನು ಹಿಡಿದು ಕೈ ಒಳಗೆ ಬಿಡುತ್ತಾಳೆ. ಹೊಸ ಆಕಳ ಹೊಟ್ಟೆ ಒಮ್ಮೆ ಅಮುಕುತ್ತದೆ. ಸ್ವಲ್ಪ ತಡೆದು, ಅದರ ಜೊತೆ ತಾಳ ಕೂಡದೆ, ಆ ಹಳೆಯ ಹಿಡಿತ ಬರುತ್ತದೆ. ಅವಳು ಅವಸರ ಮಾಡುವುದಿಲ್ಲ. ಎರಡೂ ಬಿಡಲಿ ಎಂದು ಕಾದು, ಆಮೇಲೆ ಕೈ ತೆಗೆಯುತ್ತಾಳೆ.