ಒಸಡಿನ ಬಣ್ಣದ ರೈಫಲ್

ಮೊದಲೇ ಹೇಳಿಬಿಡುತ್ತೇನೆ: ನಮ್ಮಪ್ಪನ ಬಳಿ ಬಂದೂಕು ಇರಲಿಲ್ಲ. ದಾವಣಗೆರೆಯಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಅವರ ಹತ್ತಿರ ಇದ್ದ ಉದ್ದನೆಯ ವಸ್ತುವೆಂದರೆ ಕೊಡೆ. ಅಜ್ಜ ಬೇಟೆಗಾರರಲ್ಲ. ನಾನು ಕೊಡಗಿನವಳಲ್ಲ. ನೈರೋಬಿಯಲ್ಲಿ ನಾನು ರೈಫಲ್ ಕೊಂಡ ಸುದ್ದಿ ಹಬ್ಬಿದ ಮೇಲೆ ಸಿಕ್ಕ ಕನ್ನಡಿಗರೆಲ್ಲ ಕೇಳಿದ ಮೊದಲ ಪ್ರಶ್ನೆ, "ನೀವು ಕೂರ್ಗ್ ಕಡೆಯವರಾ?" ಅಲ್ಲ ಎಂದರೆ ಎರಡನೆಯದು, "ಮನೆಗೆ ಕಳ್ಳರು ನುಗ್ಗಿದ್ರಾ?" ನುಗ್ಗಿರಲಿಲ್ಲ. ಮೂರನೆಯದನ್ನು ನನ್ನ ಗಂಡನಿಗೆ ಕೇಳುತ್ತಿದ್ದರು, ಬಾಯಿಬಿಟ್ಟಲ್ಲ, ಕಣ್ಣಿನಲ್ಲಿ.

ಬರೆಯಲು ಕೂತಾಗ ನನ್ನ ನೆನಪೂ ಕಾರಣಗಳನ್ನು ಹುಡುಕುತ್ತದೆ. ಬಟ್ಟೆ ಅಂಗಡಿಯವನು ಒಂದೊಂದೇ ಸೀರೆ ಬಿಚ್ಚಿ ಹಾಸುವಂತೆ ಹಾಸುತ್ತದೆ. ಶಾಲೆಯ ಎನ್‌ಸಿಸಿ ನೆನಪಿದೆಯೇ? ಇದೆ, ಆದರೆ ನಾನು ಸೇರಿರಲಿಲ್ಲ. ಪರದೇಶದ ಭಯ? ಇತ್ತು, ಎಲ್ಲರಿಗೂ ಇತ್ತು, ಎಲ್ಲರೂ ರೈಫಲ್ ಕೊಳ್ಳಲಿಲ್ಲ. ಆ ಸೀರೆಗಳನ್ನೆಲ್ಲ ಮಡಚಿಡುತ್ತೇನೆ. ನನಗೆ ಅದು ಬೇಕಿತ್ತು. ಗಂಡಸೊಬ್ಬ ಕಾರಿನ ವಿಷಯದಲ್ಲಿ ಹೀಗೆಂದರೆ ಯಾರೂ ಮುಂದೆ ಕೇಳುವುದಿಲ್ಲ.

ಇದು ನಡೆದದ್ದು ಎರಡು ಸಾವಿರದ ಮೊದಲ ದಶಕದಲ್ಲಿ. ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ದಂತ ಚಿಕಿತ್ಸಾಲಯವಿತ್ತು. ಗಂಡ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್. ರೋಗಿಯೊಬ್ಬರು ಒಂದು ಭಾನುವಾರ ನಮ್ಮಿಬ್ಬರನ್ನೂ ಊರಾಚೆಯ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ಗಂಡ ನೆರಳಿನಲ್ಲಿ ಕೂತು ಪೇಪರ್ ಓದಿದರು. ನಾನು ಸಣ್ಣ ರೈಫಲ್ ಹಿಡಿದೆ, ಮುಂದಿನ ಭಾನುವಾರವೂ ಹಿಡಿದೆ. ಕೆಲವು ವರ್ಷಗಳಾದ ಮೇಲೆ ಯಾರದೋ ದೊಡ್ಡ ರೈಫಲ್‌ನಿಂದ ಒಂದೇ ಒಂದು ಗುಂಡು ಹಾರಿಸಿದೆ. ಅದರ ಸದ್ದು ಕಿವಿಗಿಂತ ಮೊದಲು ಎದೆಗೆ ಬಂತು. ಅಷ್ಟು ಸಾಕಾಯಿತು.

ಬಂದೂಕಿನ ಅಂಗಡಿಯ ಮುದುಕರು ಮೂರು ತಲೆಮಾರಿನಿಂದ ನೈರೋಬಿಯಲ್ಲಿದ್ದ ಪಂಜಾಬಿ. ನನಗೆ ತೆಳ್ಳಗಿನದೊಂದನ್ನು ತೋರಿಸಿದರು. ನಾನು ಗೋಡೆಯ ಮೇಲಿದ್ದದ್ದನ್ನು ತೋರಿಸಿದೆ: ಪಾಯಿಂಟ್ ಮೂರು ಮೂರು ಎಂಟರ ನಳಿಕೆ, ಸೆಮಿ ಆಟೊಮ್ಯಾಟಿಕ್, ಬೇಟೆಯ ಕಾಲದ್ದು. ಅದರ ಒಂದೊಂದು ಗುಂಡೂ ನನ್ನ ತೋರುಬೆರಳಿಗಿಂತ ಉದ್ದ. ಕೀನ್ಯಾದಲ್ಲಿ ಬೇಟೆ ನಿಂತು ಎಷ್ಟೋ ಕಾಲವಾಗಿದ್ದರಿಂದ ಅಂಥ ರೈಫಲ್‌ಗಳು ಕಾಗದಕ್ಕೂ ಹಲಗೆಗೂ ಮಾತ್ರ ಗುರಿಯಿಡುತ್ತಿದ್ದವು.

"ಹಸ್ಬೆಂಡ್‌ಗಾ, ಬೆಹೆನ್‌ಜಿ?"

"ಅವರಿಗೆ ಬೇಕಾದರೆ ಅವರೇ ಬರುತ್ತಾರೆ."

"ಇದು ಒದೆಯುತ್ತೆ."

"ನಾನು ಹಲ್ಲು ಕೀಳುವವಳು. ಒದೆಯುವವರನ್ನು ನೋಡಿದ್ದೇನೆ."

ಮುದುಕರು ನಕ್ಕು ಕೆಳಗಿಳಿಸಿದರು. ನಾವು ಮಾತಾಡಿದ್ದು ಹಿಂದಿ ಇಂಗ್ಲಿಷಿನಲ್ಲಿ. ಹಿಂದೊಮ್ಮೆ ಇದನ್ನು ಯಾರಿಗೋ ಹೇಳುವಾಗ ಹೊರಗೆ ಮಳೆ ಸುರಿಯುತ್ತಿತ್ತು ಎಂದು ಸೇರಿಸಿದ್ದೆ. ಸುರಿಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಮಳೆಯನ್ನು ತೆಗೆದುಹಾಕಿ.

ಸೆಮಿ ಆಟೊಮ್ಯಾಟಿಕ್ ಎಂದರೆ ಒಮ್ಮೆ ಕುದುರೆ, ಅಂದರೆ ಟ್ರಿಗರ್, ಎಳೆದರೆ ಒಂದೇ ಗುಂಡು. ಆದರೆ ಆ ಗುಂಡಿನ ಅನಿಲವೇ ನಳಿಕೆಯ ಹಿಂಬಾಯಿ ಮುಚ್ಚುವ ಬೋಲ್ಟನ್ನು ಹಿಂದಕ್ಕೆ ತಳ್ಳಿ ಮುಂದಿನ ಗುಂಡನ್ನು ಒಳಗೆ ತರುತ್ತದೆ. ಕೈ ಎತ್ತಬೇಕಿಲ್ಲ, ಕೆನ್ನೆ ಕದಲಿಸಬೇಕಿಲ್ಲ, ಒದೆತದ ಒಂದು ಪಾಲು ಯಂತ್ರದೊಳಗೇ ಖರ್ಚಾಗುತ್ತದೆ. ಪೊಲೀಸರಿಗೆ ಆ ಹೆಸರು ಹಿಡಿಸಲಿಲ್ಲ. ಇದು ಸೇನೆಯದಲ್ಲ, ಮೂರೇ ಗುಂಡು ಹಿಡಿಯುವ ಕ್ರೀಡಾ ರೈಫಲ್ ಎಂದು ಒಪ್ಪಿಸಲು ಬಹಳ ಸಲ ಅಲೆದೆ. ಕೊನೆಗೆ ಒಂದು ಷರತ್ತಿನ ಮೇಲೆ ತಾತ್ಕಾಲಿಕ ಲೈಸೆನ್ಸ್ ಸಿಕ್ಕಿತು. ಕ್ಲಬ್ಬಿನ ರೇಂಜ್ ಅಧಿಕಾರಿಯ ಮುಂದೆ ಪರೀಕ್ಷೆ ಕೊಡಬೇಕು. ಪಾಸಾದರೆ ರೈಫಲ್ ನನ್ನದು. ಫೇಲಾದರೆ ಅಂಗಡಿಗೆ ವಾಪಸ್ಸು.

"ಹಾಗಾದ್ರೆ ಇನ್ನೂ ಚಾನ್ಸ್ ಇದೆ" ಎಂದರು ಗಂಡ.

"ಯಾತಕ್ಕೆ?"

"ನೀನು ಫೇಲಾಗಕ್ಕೆ."

ಬೆಣ್ಣೆ ಹಚ್ಚಿದ ಬ್ರೆಡ್ ನನ್ನ ಕಡೆಗೆ ತಳ್ಳುತ್ತಲೇ ಹೀಗೆಂದರು. ಅವರ ವಿರೋಧ ಎಂದೂ ಊಟ ತಿಂಡಿಗೆ ಅಡ್ಡ ಬಂದದ್ದಿಲ್ಲ.

ತೊಂದರೆ ಬೇರೆ ಇತ್ತು. ಆ ರೈಫಲ್ ಯಾರಿಗಾಗಿ ತಯಾರಾಗಿತ್ತೋ ಅವನಿಗೆ ಉದ್ದ ಕೈ, ದೊಡ್ಡ ಮುಖ, ಅಗಲ ಭುಜ. ನಾನು ಹೆಗಲಿಗಿಟ್ಟರೆ ಕುದುರೆಗೆ ಬೆರಳು ಸರಿಯಾಗಿ ತಾಗುತ್ತಿರಲಿಲ್ಲ. ಮೇಲೆ ದುರ್ಬೀನು ಕೂರಿಸಿದ ಮೇಲೆ ಅದರೊಳಗೆ ನೋಡಲು ಕತ್ತು ಎತ್ತಬೇಕು, ಎತ್ತಿದರೆ ಕೆನ್ನೆಗೆ ಆಸರೆಯಿಲ್ಲ. ಆಸರೆಯಿಲ್ಲದ ಕೆನ್ನೆಗೆ ಆ ರೈಫಲ್ ಮೊದಲ ದಿನವೇ ಬಾರಿಸಿತು. ಮರುದಿನ ನನ್ನ ರೋಗಿಗಳು ನನ್ನ ಗಂಡನ ಬಗ್ಗೆ ತಪ್ಪು ತಿಳಿದುಕೊಂಡರು.

"ಹಗುರದ್ದು ತಗೊಳ್ಳಿ" ಎಂದು ಕ್ಲಬ್ಬಿನಲ್ಲಿ ಎಲ್ಲರೂ ಬುದ್ಧಿ ಹೇಳಿದರು. ಒಂದು ವಸ್ತು ನನ್ನ ದೇಹಕ್ಕೆ ಹೊಂದದಿದ್ದರೆ ಬದಲಾಗಬೇಕಾದ್ದು ನನ್ನ ಆಸೆ ಎಂಬಂತೆ. ಯಾರದೋ ಬಾಯಿಗೆ ಕಟ್ಟಿನ ಹಲ್ಲು ಹೊಂದದಿದ್ದರೆ ನಾವು ಬಾಯಿ ಬದಲಾಯಿಸಿ ಎನ್ನುತ್ತೇವೆಯೇ? ಕಟ್ಟನ್ನು ಉಜ್ಜುತ್ತೇವೆ.

ಉಜ್ಜಿದೆ. ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ ಕಟ್ಟಿನ ಹಲ್ಲು ತಯಾರಿಸುವ ಸಣ್ಣ ಲ್ಯಾಬ್ ಇತ್ತು. ಮಧ್ಯಾಹ್ನದ ಬಿಡುವಿನಲ್ಲಿ ಮರದ ಹಿಡಿಯನ್ನು ಮಾತ್ರ ಕಳಚಿ ಅಲ್ಲಿಗೆ ತರುತ್ತಿದ್ದೆ. ಹಿಂಬದಿಯನ್ನು ಕುಯ್ದು ಗಿಡ್ಡ ಮಾಡಿ ರಬ್ಬರಿನ ಮೆತ್ತೆ ಕೂರಿಸಿದೆ. ಬೆರಳು ಸುತ್ತುವ ಜಾಗವನ್ನು ಹಲ್ಲಿನ ಡ್ರಿಲ್ಲಿನಿಂದಲೇ ತೆಳುವಾಗಿಸಿದೆ. ಆಕ್ರೋಟು ಮರದ ಪುಡಿ ಹಲ್ಲಿನ ಪುಡಿಗಿಂತ ಒಳ್ಳೆಯ ವಾಸನೆ ಬೀರುತ್ತದೆ. ಕೆನ್ನೆಯ ಆಸರೆಗೆ ದಂತಮೇಣವನ್ನು ಬಿಸಿ ಮಾಡಿ ಹಿಡಿಯ ಮೇಲೆ ಮೆತ್ತಿದೆ. ಸಂಜೆ ಮನೆಯಲ್ಲಿ ರೈಫಲ್‌ಗೆ ಜೋಡಿಸಿ, ದುರ್ಬೀನಿನ ಪೂರ್ತಿ ವೃತ್ತ ಕಾಣುವವರೆಗೆ ಮೆತ್ತನೆಯ ಮೇಣದ ಮೇಲೆ ಕೆನ್ನೆ ಒತ್ತಿ ಹಿಡಿದೆ. ನನ್ನ ಕೆನ್ನೆಮೂಳೆ ಅದರಲ್ಲಿ ಅಚ್ಚಾಯಿತು. ಆಮೇಲೆ ಕಟ್ಟಿನ ಹಲ್ಲಿಗೆ ಮಾಡುವಂತೆಯೇ ಪ್ಲಾಸ್ಟರಿನಲ್ಲಿ ಹೂತು, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಅಕ್ರಿಲಿಕ್ ತುಂಬಿ, ಕುದಿಸಿ ಗಟ್ಟಿ ಮಾಡಿ, ಎರಡು ಹಿತ್ತಾಳೆ ಸ್ಕ್ರೂ ಹಾಕಿ ಕೂರಿಸಿದೆ.

ಬಣ್ಣ ಗುಲಾಬಿ. ಒಸಡಿನ ಬಣ್ಣ. ದಂತವೈದ್ಯರ ಬಳಿ ಹೇರಳವಾಗಿ ಇರುವುದು ಅದೇ. ಬಣ್ಣವಿಲ್ಲದ್ದನ್ನು ತರಿಸಲು ಕಾಯಬಹುದಿತ್ತು. ಕಾಯಲಿಲ್ಲ.

ಮರದ ಹಿಡಿ ಲ್ಯಾಬಿನ ಮೇಜಿನ ಮೇಲೆ ಒಣಗುತ್ತಿದ್ದಾಗ ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬಳು ಬಾಗಿಲ ಸಂದಿಯಿಂದ ಅದನ್ನೇ ನೋಡುತ್ತಿದ್ದಳು. ಬಾಯಿಂದ ಹತ್ತಿ ತೆಗೆದ ಕೂಡಲೇ ಸ್ವಾಹಿಲಿಯಲ್ಲಿ ಕೇಳಿದಳು: "ದಕ್ತಾರಿ, ಅದು ಯಾವ ಪ್ರಾಣಿಯ ದವಡೆ?"

ನನ್ನ ಮಗಳ ಟೀಕೆ ಎಂದಿನಂತೆ ಇಂಗ್ಲಿಷಿನಲ್ಲಿ ಬಂತು. "ಅಮ್ಮಾ, ಇಟ್ ಲುಕ್ಸ್ ಲೈಕ್ ಅಜ್ಜೀಸ್ ಡೆಂಚರ್ಸ್."

"ಕಪ್ಪು ಪೇಂಟಾದ್ರೂ ಹೊಡಿ" ಎಂದರು ಗಂಡ. ಹೊಡೆಯಲಿಲ್ಲ.

ಪರೀಕ್ಷೆಗೆ ಸ್ವಲ್ಪ ದಿನ ಇರುವಾಗ ಆಯುಧಪೂಜೆ ಬಂತು. ಆ ವರ್ಷ ನಾಲ್ಕೈದು ಕನ್ನಡ ಸಂಸಾರಗಳು ನಮ್ಮ ಮನೆಯಲ್ಲಿ ಸೇರಿದ್ದವು. ಪೂಜೆಗೆ ಕೂತವರು ಗಂಡನ ಕಾರ್ಖಾನೆಯ ಹಿರಿಯ ಎಂಜಿನಿಯರ್. ಮೈಸೂರಿನವರು, ಮಂತ್ರ ಬಾಯಿಪಾಠ. ಹಜಾರದ ಮೇಜಿನ ಮೇಲೆ ಕಾರಿನ ಕೀಲಿಗಳು, ಲ್ಯಾಪ್‌ಟಾಪ್‌ಗಳು, ಸ್ಪ್ಯಾನರ್, ಮಿಕ್ಸಿ, ನನ್ನ ಇಕ್ಕಳಗಳು, ಯಾರದೋ ಕೀಬೋರ್ಡು. ನಾನು ಒಳಗಿನಿಂದ ರೈಫಲ್ ತಂದು ಅವುಗಳ ನಡುವೆ ಮಲಗಿಸಿದೆ. ಬೋಲ್ಟ್ ಹಿಂದಕ್ಕೆಳೆದು ಬಾಯಿ ತೆರೆದೇ ಇಟ್ಟೆ. ಜನರ ನಡುವೆ ಇಡುವಾಗ ಖಾಲಿಯಿದೆ ಎಂದು ಎಲ್ಲರಿಗೂ ಕಾಣಬೇಕು, ಅದು ಕ್ಲಬ್ಬಿನ ನಿಯಮ.

ಕೀಬೋರ್ಡಿನವರು ತಮ್ಮದನ್ನು ಸ್ವಲ್ಪ ದೂರ ಸರಿಸಿಕೊಂಡರು.

"ಡಾಕ್ಟ್ರೇ, ಇದೊಂದು ಬೇಡ" ಎಂದರು ಎಂಜಿನಿಯರ್.

"ಇವತ್ತಿನ ಪೂಜೆ ಹೆಸರೇನು ಸರ್?"

"ಆಯುಧಪೂಜೆ."

"ಮಿಕ್ಸಿ ಇಟ್ಟಿದ್ದೀರಿ."

ಯಾರೋ ಕಿಸಕ್ಕೆಂದರು. ಎಂಜಿನಿಯರ್ ಕನ್ನಡಕ ಸರಿಮಾಡಿಕೊಂಡರು. "ಅದು ಸಾಂಕೇತಿಕ ಅಲ್ವಾ ಡಾಕ್ಟ್ರೇ."

"ನಂದು ಸಾಂಕೇತಿಕ ಅಲ್ಲ. ಇಡ್ತೀನಿ."

ಇಟ್ಟೆ. ಒಮ್ಮೆ ಇಟ್ಟ ಮೇಲೆ ನಡೆದದ್ದು ವಿಚಿತ್ರ: ಬೇಡವೆಂದವರಿಗೇ ಅದರ ಮೇಲೆ ಎಲ್ಲಕ್ಕಿಂತ ಹೆಚ್ಚು ಭಕ್ತಿ ಬಂತು. ನಳಿಕೆಗೆ ಮೂರು ಗೆರೆ ಗಂಧ, ಗುಲಾಬಿ ಕೆನ್ನೆಗೆ ಕುಂಕುಮ, ಸೇವಂತಿಗೆ ಮಾಲೆ. ಮಂಗಳಾರತಿಯಾದ ಮೇಲೆ ಎಲ್ಲರೂ ಅಕ್ಷತೆ ಹಾಕಿದರು, ಮಿಕ್ಸಿಗೆ ಚಿಟಿಕೆ, ರೈಫಲ್‌ಗೆ ಹಿಡಿ ತುಂಬ. ಗಂಡ ಎರಡು ಸಲ ಹಾಕಿದರು.

ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಕದಲಿಸಬಾರದು ಎಂದರು ಎಂಜಿನಿಯರ್. ರೈಫಲ್ ಉಕ್ಕಿನ ಬೀರುವಿನಿಂದ ಹೊರಗೆ ಉಳಿಯಬಾರದು ಎಂದಿತ್ತು ಲೈಸೆನ್ಸ್. ನಾನು ಬೋಲ್ಟ್ ಮುಚ್ಚಿ, ಕುಂಕುಮದ ಸಮೇತ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಮರುದಿನ ತೆಗೆದು ಮೈಯೆಲ್ಲ ಒರೆಸಿದೆ, ನಳಿಕೆಗೆ ಎಣ್ಣೆಬಟ್ಟೆ ಎಳೆದೆ. ಹಿಡಿ ಕಳಚಿ ಒಳಗೆ ನೋಡಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ರೇಂಜಿನಲ್ಲಿ ಎಷ್ಟು ಜನರಿದ್ದರು? ನನ್ನ ನೆನಪಿನಲ್ಲಿ ಒಂದು ಗುಂಪೇ ಇದೆ. ನಿಜಕ್ಕೂ ಕ್ಲಬ್ಬಿನ ಕೆಲವು ಸದಸ್ಯರು, ಪೇಪರ್ ಹಿಡಿದ ನನ್ನ ಗಂಡ, ಸೇನೆಯಿಂದ ನಿವೃತ್ತರಾದ ರೇಂಜ್ ಅಧಿಕಾರಿ, ಅಷ್ಟೇ ಇದ್ದಿರಬೇಕು. ಅಧಿಕಾರಿ ಎತ್ತರದ ಮನುಷ್ಯ, ಕಡಿಮೆ ಮಾತು. ರೈಫಲ್ ನೋಡಿದರು, ಅದರ ಕೆನ್ನೆ ನೋಡಿದರು. ಹಿಂದೆ ಕೂತ ಒಬ್ಬ ಸದಸ್ಯ ಹೇಳಿದ: "ಅದಕ್ಕೂ ಬ್ರಷ್ ಮಾಡ್ತೀರಾ ದಕ್ತಾರಿ?"

"ನಿಮಗಿಂತ ಹೆಚ್ಚು ಸಲ" ಎಂದೆ. ಅವನ ಬಾಯಿ ನನಗೆ ಗೊತ್ತಿತ್ತು.

ಪರೀಕ್ಷೆ ಸರಳ. ಹಳಿಯ ಮೇಲೆ ಒಂದು ಹಲಗೆ ಎಡದಿಂದ ಬಲಕ್ಕೆ ಓಡುತ್ತದೆ. ಅದು ದಾಟಿಹೋಗುವಷ್ಟರಲ್ಲಿ ನಿಂತುಕೊಂಡೇ ಮೂರೂ ಗುಂಡು ಹೊಡೆಯಬೇಕು. ಹಲಗೆ ಹೊರಟಿತು. ಮೊದಲ ಗುಂಡು ಹಲಗೆಗೆ ಬಿತ್ತು. ಕೆನ್ನೆ ತನ್ನ ಅಚ್ಚಿನಲ್ಲೇ ಇತ್ತು, ದುರ್ಬೀನಿನ ವೃತ್ತ ಒಡೆಯಲಿಲ್ಲ, ಒದೆತ ಭುಜದಲ್ಲಿ ಹರಡಿ ಮುಗಿಯಿತು. ಮತ್ತೆ ಕುದುರೆ ಎಳೆದೆ. ಏನೂ ಆಗಲಿಲ್ಲ. ಬೋಲ್ಟ್ ಪೂರ್ತಿ ಮುಚ್ಚಿರಲಿಲ್ಲ. ಕೂದಲಷ್ಟು ತೆರೆದು ನಿಂತಿತ್ತು. ಹಲಗೆ ಸಾವಕಾಶವಾಗಿ ದಾಟಿಹೋಯಿತು.

ಗುರಿಯ ಕಡೆಯಿಂದ ನಳಿಕೆ ತಿರುಗಿಸದೆ, ಕುದುರೆಯಿಂದ ಬೆರಳು ತೆಗೆದು, ಎಡಗೈ ಎತ್ತಿ "ಸ್ಟಾಪೇಜ್" ಎಂದು ಕೂಗಿದೆ. ಧೈರ್ಯವಾಗಿದ್ದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಇರಲಿಲ್ಲ.

ಅಧಿಕಾರಿ ಬಂದರು. ಗುಂಡು ತೆಗೆಸಿದರು, ಬೋಲ್ಟ್ ತೆರೆಸಿದರು, ಟಾರ್ಚ್ ಬಿಟ್ಟರು. ನನ್ನ ಕೋಟಿನ ಜೇಬಿನಲ್ಲಿ ಯಾವಾಗಲೂ ಇರುವ ಬಾಯಿಕನ್ನಡಿ ಮತ್ತು ಹಲ್ಲು ಕೆದಕುವ ಸಣ್ಣ ಕೊಕ್ಕೆ ತೆಗೆದೆ. ಕನ್ನಡಿಯನ್ನು ಒಳಗೆ ಬಾಗಿಸಿದಾಗ ಬೋಲ್ಟ್ ಕಚ್ಚಿಕೊಳ್ಳುವ ಗೂಡಿನಲ್ಲಿ ಹಳದಿ ಏನೋ ಕಂಡಿತು. ಕೊಕ್ಕೆಯಿಂದ ಎಬ್ಬಿಸಿ ಅಂಗೈಗೆ ಹಾಕಿಕೊಂಡೆ. ಮೊದಲ ಗುಂಡಿನ ಒದೆತಕ್ಕೆ ತಳದಿಂದ ಹಾರಿ ಅಲ್ಲಿ ಸಿಕ್ಕಿಕೊಂಡಿದ್ದಿರಬೇಕು.

ಅಧಿಕಾರಿ ಬಗ್ಗಿ ನೋಡಿದರು. "ಮ್ಚೆಲೆ?"

"ಹೌದು. ಅಕ್ಕಿ."

"ರೈಫಲ್‌ನಲ್ಲಿ ಅಕ್ಕಿ."

"ಅರಿಶಿನ ಹಚ್ಚಿದ ಅಕ್ಕಿ. ನಮ್ಮಲ್ಲಿ ವರ್ಷಕ್ಕೊಮ್ಮೆ ಆಯುಧಗಳಿಗೆ ಪೂಜೆ ಮಾಡುತ್ತೇವೆ."

ಹಿಂದಿನಿಂದ ನಗು ಎದ್ದಿತು. ಗಂಡ ಪೇಪರ್ ಮಡಚಿ ಎದ್ದುನಿಂತಿದ್ದರು. ಅವರೇ ಬೇಕೆಂದು ಹಾಕಿದ ಕಾಳು ಅದು ಎಂದು ಒಂದು ಕಥೆ ಕಟ್ಟಬಹುದು, ನನ್ನ ನೆನಪು ಒಮ್ಮೊಮ್ಮೆ ಕಟ್ಟುತ್ತದೆ ಕೂಡ. ಕಾಳಿಗೆ ಯಾರ ಗುರುತೂ ಇರಲಿಲ್ಲ. ಅದನ್ನು ದೇವರ ಎಚ್ಚರಿಕೆ ಎಂದು ಆಮೇಲೆ ಫೋನಿನಲ್ಲಿ ವಿವರಿಸಿದವರಿಗೂ ಇದನ್ನೇ ಹೇಳಿದೆ: ತೆರೆದ ಬಾಯಿಗೆ ಅಕ್ಕಿ ಬಿತ್ತು, ಅಷ್ಟೇ.

"ಹಾಗಾದರೆ ಫೇಲ್" ಎಂದ ಆ ಸದಸ್ಯ.

"ಯಾವ ನಿಯಮದಲ್ಲಿ?" ನಾನು ಅವನಿಗಲ್ಲ, ಅಧಿಕಾರಿಗೆ ಕೇಳಿದೆ. "ಯಂತ್ರ ನಿಂತಾಗ ಏನು ಮಾಡಬೇಕೋ ಅದನ್ನು ಮಾಡಿದ್ದೇನೆ. ನೀವು ಪರೀಕ್ಷೆ ಮಾಡುತ್ತಿರುವುದು ನನ್ನನ್ನೋ ಅಕ್ಕಿಯನ್ನೋ?"

ಅಧಿಕಾರಿ ಟಾರ್ಚ್ ಆರಿಸಿದರು. "ರೈಫಲ್ ಹೊರಗೆ ತಂದವರು ನೀವು. ಒಳಗೆ ಏನಿದೆ ಅಂತ ನೋಡಬೇಕಾದ್ದೂ ನೀವೇ."

"ಒಪ್ಪುತ್ತೇನೆ. ಈಗ ನೋಡುತ್ತೇನೆ. ನೋಡಿ ಮತ್ತೆ ಹೊಡೆಯುತ್ತೇನೆ. ಇವತ್ತೇ."

ಅವರು ಬೆಂಚಿನ ಕಡೆಗೆ ಕೈ ತೋರಿಸಿದರು.

ನಾನು ಹಿಡಿ ಕಳಚಿದೆ, ಒಳಗಿನದ್ದೆಲ್ಲ ಬಟ್ಟೆಯ ಮೇಲೆ ಹರಡಿದೆ, ಕನ್ನಡಿ ಹಿಡಿದು ಮೂಲೆ ಮೂಲೆ ನೋಡಿದೆ. ಇನ್ನೂ ಕೆಲವು ಕಾಳುಗಳು, ಸೇವಂತಿಗೆಯ ಒಂದು ಎಸಳು ಸಿಕ್ಕವು. ಯಾರೂ ಆತುರಪಡಿಸಲಿಲ್ಲ. ನಾನೂ ಆತುರಪಡಲಿಲ್ಲ. ಗಂಡ ಹತ್ತಿರ ಬಂದು ನಿಂತರು.

"ಸಾಕು ಬಿಡೇ. ಎಲ್ಲರೂ ನಗ್ತಿದಾರೆ."

"ನಗಲಿ. ಆ ಬ್ರಷ್ ಕೊಡಿ."

ಕೊಟ್ಟರು.

ಎರಡನೆಯ ಸಲ ಹೊಸ ಹಲಗೆ ಹೊರಟಾಗ ನಾನು ಮೊದಲೇ ಕೆನ್ನೆಯಿಟ್ಟು ಕಾಯುತ್ತಿದ್ದೆ. ಹೊಡೆದೆ, ಬೋಲ್ಟ್ ಹೋಗಿ ಬಂತು, ಹೊಡೆದೆ, ಹೋಗಿ ಬಂತು, ಹೊಡೆದೆ. ಮೂರನೆಯದು ಹಲಗೆ ಮರೆಯಾಗುವ ಅಂಚಿನಲ್ಲಿ. ಖಾಲಿ ಹಿತ್ತಾಳೆ ಸಿಮೆಂಟಿನ ಮೇಲೆ ಉರುಳುತ್ತಾ ಹೋಯಿತು. ಅಧಿಕಾರಿ ಹಲಗೆಯನ್ನು ವಾಪಸ್ಸು ತರಿಸಿ ತೂತುಗಳ ಮೇಲೆ ಬೆರಳಾಡಿಸಿದರು. ಒಂದು ಅಂಚಿಗೆ ತಾಗಿತ್ತು, ಎರಡು ಒಳಗಿದ್ದವು.

"ಸವಾ" ಎಂದರು. ಸರಿ, ಎಂದು. ನನ್ನ ಮುಂದೆಯೇ ಸಹಿ ಹಾಕಿದರು.

ಗಂಡ ನಿಟ್ಟುಸಿರು ಬಿಟ್ಟು ಕಾರಿನ ಕೀಲಿ ತೆಗೆದರು. "ಆಯ್ತಲ್ಲ, ಗೆದ್ದೆ. ನಡಿ, ಜಾಮ್ ಶುರುವಾಗೋಕ್ ಮುಂಚೆ ಮನೆ ಸೇರೋಣ." ಹಿಂದೆ ಕೂತವರೂ ಕುರ್ಚಿ ಎತ್ತಿಡುತ್ತಿದ್ದರು. ನಾನು ಬಂದ ಕೆಲಸ ಮುಗಿಯಿತೆಂದು, ಇನ್ನು ಈ ಹೆಂಗಸು ಸಮಾಧಾನವಾಗಿ ಅದನ್ನು ಬೀರುವಿನಲ್ಲಿ ಬೀಗ ಹಾಕಿ ಇಡುತ್ತಾಳೆಂದು ಎಲ್ಲರಿಗೂ ಅನ್ನಿಸಿದಂತಿತ್ತು.

ನನ್ನ ಭುಜ ಉರಿಯುತ್ತಿತ್ತು. ಡಬ್ಬಿಯಲ್ಲಿ ಇನ್ನೂ ಗುಂಡುಗಳಿದ್ದವು. ನಾನು ಮತ್ತೆ ಕಿವಿಮುಚ್ಚಳ ಹಾಕಿಕೊಂಡು, ಗುರಿಯನ್ನು ಇನ್ನೂರು ಮೀಟರ್ ದೂರಕ್ಕೆ ಸರಿಸಲು ಹೇಳಿದೆ.