ನಿದ್ದೆಗೆಟ್ಟ ಮೇಸ್ತ್ರಿ

ನಮ್ಮ ಗ್ಯಾರೇಜ್ ಮೇಸ್ತ್ರಿಗೆ ಕೂತು ಗೊತ್ತಿಲ್ಲ. ಟೀಯನ್ನೂ ಗಾಡಿಯ ಸುತ್ತ ಸುತ್ತುತ್ತಲೇ ಕುಡಿಯುತ್ತಾರೆ. ನಾನು ಸಂಬಳಕ್ಕೆ ಓಡಿಸುವ ಹಳೇ ಪಿಕಪ್ಪಿನ ಹಿಂದಿನ ಚಕ್ರದ ಬೋಲ್ಟುಗಳು ಮೂರನೇ ಸಲ ಮುರಿದಿದ್ದವು. ಇನ್ನೊಮ್ಮೆ ಮುರಿದರೆ ಬೇರೆ ಕೆಲಸ ನೋಡಿಕೋ ಎಂದು ಮಾಲೀಕರು ಹೇಳಿಯಾಗಿತ್ತು. ಮೇಸ್ತ್ರಿ ಚಕ್ರ ಬಿಚ್ಚಿ, ಅದು ಬ್ರೇಕ್ ಡ್ರಮ್ಮಿಗೆ ಅಂಟಿ ಕೂರುವ ಜಾಗವನ್ನು ಉಗುರಿನಿಂದ ಕೆರೆದರು. "ಇಲ್ಲಿಗೂ ಬಣ್ಣ ಬಳಿದ ಪುಣ್ಯಾತ್ಮ ಯಾರು?" "ನಾನೇ ಅಣ್ಣ, ಚೆಂದ ಕಾಣ್ಲಿ ಅಂತ." "ಗಾಡಿಗೇನು ಗಂಡು ನೋಡ್ತಿದ್ಯಾ? ಬಣ್ಣ ಉದುರಿದ್ರೆ ನಟ್ಟು ಸಡಿಲ ಆಗುತ್ತೆ, ಚಕ್ರ ಆಡಿ ಆಡಿ ಬೋಲ್ಟು ಮುರಿಯುತ್ತೆ." ಬಣ್ಣ ಕೆರೆದು, ಹೊಸ ಬೋಲ್ಟು ಹಾಕಿ, ಬಿಗಿದದ್ದನ್ನೇ ಮತ್ತೆ ಮುಟ್ಟಿ ನೋಡಿ, "ಐವತ್ತು ಕಿಲೋಮೀಟರ್ ಓಡಿಸಿ ವಾಪಸ್ ಬಾ, ನಟ್ಟು ಇನ್ನೊಮ್ಮೆ ಬಿಗೀಬೇಕು" ಎಂದರು. ನಾನು ಮಹಾ ಜಾಣ, ಓಡಿಸಿ ನೆಟ್ಟಗೆ ಮನೆಗೆ ಹೋಗಿ ಮಲಗಿದೆ. ಬೆಳಗ್ಗೆ ಬಾಗಿಲು ತೆರೆದರೆ ಮೇಸ್ತ್ರಿ ಸ್ಪ್ಯಾನರ್ ಹಿಡಿದು ನನ್ನ ಗಾಡಿಯ ಸುತ್ತ ಸುತ್ತುತ್ತಿದ್ದಾರೆ. "ಒಂದು ನಟ್ಟು ಅರ್ಧ ಸುತ್ತು ತಿರುಗ್ತು ಕಣೋ," ಎಂದರು, "ಇನ್ನು ನಾನೂ ಹೋಗಿ ಮಲಗ್ತೀನಿ."